ಗೋದಲಿ ಮತ್ತು ಊಟದೆಲೆ: ಕುಲಾಂತರಿ ಬೆಳೆಗಳು ಪಶುಗಳ ಆಹಾರವಾದ ಇತಿಹಾಸ

೧

ನಮ್ಮ ಹಳ್ಳಿಯ ಮನೆಗಳಲ್ಲಿ ಅಕ್ಕಿ ತೊಳೆದ ನೀರು, ಬಸಿದ ಗಂಜಿ, ತರಕಾರಿಯ ಸಿಪ್ಪೆ, ಉಂಡುಳಿದ ಅನ್ನ ಇವೆಲ್ಲವೂ ಕಲಗಚ್ಚಿನ ಬಾನಿಯನ್ನು ಸೇರಿ, ಸಂಜೆಯ ಹೊತ್ತಿಗೆ ಹಸುವಿನ ಮುಂದೆ ಬರುತ್ತಿದ್ದುವು. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿದ ಹಿಂಡಿಯೂ, ಕಾಳು ಒಕ್ಕಿದ ಮೇಲೆ ಉಳಿದ ಹೊಟ್ಟೂ ಹಾಗೆಯೇ. ಮನುಷ್ಯನಿಗೆ ಮಿಕ್ಕುದು ಪಶುವಿಗೆ ಎಂಬುದು ಈ ವ್ಯವಸ್ಥೆಯ ನಿಯಮವಾಗಿತ್ತು. ಆಹಾರದ ಹರಿವು ಊಟದೆಲೆಯಿಂದ ಗೋದಲಿಯ ಕಡೆಗೆ ಇದ್ದುದರಿಂದ, ಎಲೆಯ ಮೇಲೆ ಬಡಿಸಿದುದೇನೆಂದು ಬಲ್ಲ ಮನೆಯೊಡತಿಗೆ ಗೋದಲಿಯಲ್ಲಿ ಏನಿದೆಯೆಂಬುದನ್ನು ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಒಂದು ಮುಖ್ಯ ವಿಷಯದಲ್ಲಿ ಈ ಹರಿವಿನ ದಿಕ್ಕು ತಿರುಗಿತು. ಅನ್ಯ ಜೀವಿಯ ವಂಶವಾಹಿಯನ್ನು ಪ್ರಯೋಗಶಾಲೆಯಲ್ಲಿ ಸೇರಿಸಿ ಪಡೆದ ಬೆಳೆಗಳನ್ನು ಈಗ ಕನ್ನಡದಲ್ಲಿ ಕುಲಾಂತರಿ ಬೆಳೆಗಳೆಂದು ಕರೆಯುವುದು ರೂಢಿಯಾಗಿದೆ. ಇವುಗಳಲ್ಲಿ ಮೊತ್ತಮೊದಲು ಅಮೆರಿಕದ ಮಾರುಕಟ್ಟೆಗೆ ಬಂದುದು, ೧೯೯೪ರಲ್ಲಿ, ಮನುಷ್ಯರು ತಿನ್ನುವ ಟೊಮೇಟೊ. ಆದರೆ ಅದು ಕೆಲವೇ ವರ್ಷಗಳಲ್ಲಿ ಮರೆಯಾಯಿತು. ಉಳಿದು ಬೆಳೆದು ಭೂಮಿಯನ್ನು ವ್ಯಾಪಿಸಿದುವು ಸೋಯಾ ಅವರೆ, ಮೆಕ್ಕೆಜೋಳ ಮತ್ತು ಹತ್ತಿ. ಸೋಯಾ ಮತ್ತು ಮೆಕ್ಕೆಜೋಳಗಳ ಬಹುಪಾಲು ಹೋಗುವುದು ದನ, ಹಂದಿ, ಕೋಳಿಗಳ ಹೊಟ್ಟೆಗೆ. ಹತ್ತಿಯ ಕಾಳೂ ಹಿಂಡಿಯೂ ಸೇರುವುದು ಹೈನಿನ ಕೊಟ್ಟಿಗೆಯನ್ನು. ಊಟದೆಲೆಯ ವಿಚಾರವಾಗಿ ಸಭೆಗಳು ಸೇರಿದುವು, ವಾಗ್ವಾದಗಳು ನಡೆದುವು, ಸಚಿವರು ತೀರ್ಪು ನುಡಿದರು. ಗೋದಲಿಯ ವಿಚಾರವಾಗಿ ಅಷ್ಟು ಮಾತು ನಡೆಯಲಿಲ್ಲ. ಗೋದಲಿ ಬೇರೆ, ಊಟದೆಲೆ ಬೇರೆ ಎಂಬ ಭಾವನೆಯೇ ಇದಕ್ಕೆ ಕಾರಣ.

ಈ ಭಾವನೆಯನ್ನು ಕಾನೂನಿನ ಗೋಡೆಯನ್ನಾಗಿ ಕಟ್ಟಿದ ಮೂರು ಪ್ರಯತ್ನಗಳನ್ನು, ಅಮೆರಿಕ, ಯೂರೋಪ್ ಮತ್ತು ಭಾರತದಿಂದ ಒಂದೊಂದನ್ನು, ನಾವು ಈ ಪ್ರಬಂಧದಲ್ಲಿ ಪರಿಶೀಲಿಸುವೆವು. ಕುಲಾಂತರಿ ಆಹಾರ ಒಳ್ಳೆಯದೋ ಕೆಟ್ಟದೋ ಎಂಬ ತೀರ್ಪು ನಮ್ಮ ಉದ್ದೇಶವಲ್ಲ. ಅದು ಜೀವವಿಜ್ಞಾನಿಗಳ ಕೆಲಸ. ಆ ಗೋಡೆ ಏಕೆ ನಿಲ್ಲಲಿಲ್ಲ, ಅದು ಬಿದ್ದಾಗ ಯಾರು ಏನನ್ನು ತಿಳಿಯದೆ ಹೋದರು ಎಂಬುದು ಇತಿಹಾಸದ ಪ್ರಶ್ನೆ. ಅದನ್ನಷ್ಟೆ ನಾವು ಕೈಗೆತ್ತಿಕೊಂಡಿದ್ದೇವೆ.

೨

ಮೊದಲು ಯೂರೋಪಿನ ಗೋದಲಿ ಹಡಗಿನ ಸರಕನ್ನು ಅವಲಂಬಿಸಿದುದು ಹೇಗೆಂಬುದನ್ನು ತಿಳಿಯಬೇಕು; ಇದು ಕುಲಾಂತರಿ ಬೆಳೆಗಳಿಗಿಂತ ಹಳೆಯ ಕಥೆ. ಎರಡನೆಯ ಮಹಾಯುದ್ಧದ ತರುವಾಯ ಪಶ್ಚಿಮ ಯೂರೋಪಿನಲ್ಲಿ ಹಾಲು ಮಾಂಸಗಳ ಉತ್ಪಾದನೆ ಒಂದೇ ಸಮನೆ ಹೆಚ್ಚಿತು. ಬರಿಯ ಹುಲ್ಲಿನಿಂದ ಅಷ್ಟು ಹಾಲು ಬಾರದು. ಸಸಾರಜನಕ ಹೇರಳವಾಗಿರುವ ಹಿಂಡಿ ಬೇಕು. ೧೯೬೦ರಿಂದ ೧೯೬೨ರ ವರೆಗೆ ಜಿನೀವಾದಲ್ಲಿ ನಡೆದ ವಾಣಿಜ್ಯ ಸಂಧಾನದಲ್ಲಿ, ತನ್ನ ಧಾನ್ಯಕ್ಕೆ ಸುಂಕದ ರಕ್ಷಣೆಯನ್ನು ಉಳಿಸಿಕೊಂಡ ಯೂರೋಪಿಯನ್ ಆರ್ಥಿಕ ಸಮುದಾಯವು ಎಣ್ಣೆಕಾಳು ಮತ್ತು ಹಿಂಡಿಗಳನ್ನು ಸುಂಕವಿಲ್ಲದೆ ಒಳಬಿಡಲು ಒಪ್ಪಿತು. ಅಂದಿನಿಂದ ಅಮೆರಿಕದ ಸೋಯಾ ಯೂರೋಪಿನ ಕೊಟ್ಟಿಗೆಗಳಿಗೆ ನಿತ್ಯದ ಸರಕಾಯಿತು.

ಈ ಅವಲಂಬನೆಯ ಅಪಾಯ ೧೯೭೩ರಲ್ಲಿ ಒಮ್ಮೆ ಬಯಲಾಯಿತು. ಹಿಂದಿನ ವರ್ಷ ಪೆರು ದೇಶದ ಕಡಲಲ್ಲಿ ಮೀನಿನ ಬೆಳೆ ಕೆಟ್ಟು ಮೀನಹಿಟ್ಟು ದುರ್ಲಭವಾಗಿತ್ತು. ಸೋಯಾದ ಬೆಲೆ ಏರಿತು. ೧೯೭೩ರ ಜೂನ್ ೨೭ರಂದು ಅಧ್ಯಕ್ಷ ನಿಕ್ಸನ್ನರ ಸರ್ಕಾರ ಸೋಯಾ ರಫ್ತನ್ನು ತಡೆಹಿಡಿಯಿತು. ತಡೆ ಹೆಚ್ಚು ಕಾಲ ಉಳಿಯಲಿಲ್ಲ. ಆದರೂ ಕೊಳ್ಳುವ ರಾಷ್ಟ್ರಗಳು ಎಚ್ಚೆತ್ತುವು. ಮುಖ್ಯವಾಗಿ ಜಪಾನಿನ ನೆರವಿನಿಂದ ಬ್ರಜಿಲ್ ದೇಶದಲ್ಲಿ ಸೋಯಾ ವ್ಯವಸಾಯ ವಿಸ್ತರಿಸಿತು. ಗೋದಲಿ ಇನ್ನೊಂದು ದೂರದ ನೆಲವನ್ನು ನೆಮ್ಮಿತೇ ಹೊರತು ತನ್ನ ನೆಲಕ್ಕೆ ಮರಳಲಿಲ್ಲ.

ಎರಡನೆಯ ಒತ್ತಡ ಬೇರೆ ಕಡೆಯಿಂದ ಬಂದಿತು. ದನದ ಮಾಂಸ ಮತ್ತು ಮೂಳೆಯ ಹಿಟ್ಟನ್ನು ದನಕ್ಕೇ ತಿನ್ನಿಸುವ ಪದ್ಧತಿ ಇಂಗ್ಲೆಂಡಿನಲ್ಲಿ ಬೇರೂರಿತ್ತು. ೧೯೮೬ರಲ್ಲಿ ಅಲ್ಲಿ ಗುರುತಿಸಲ್ಪಟ್ಟ ಹಸುಗಳ ಮಿದುಳಿನ ರೋಗಕ್ಕೆ ಈ ಹಿಟ್ಟೇ ವಾಹಕವೆಂದು ತಿಳಿದು, ೧೯೮೮ರಲ್ಲಿ ಮೆಲುಕು ಹಾಕುವ ಪ್ರಾಣಿಗಳಿಗೆ ಅದನ್ನು ಕೊಡುವುದು ನಿಷಿದ್ಧವಾಯಿತು. ೧೯೯೬ರ ಮಾರ್ಚ್ ೨೦ರಂದು, ಈ ರೋಗಕ್ಕೂ ಮನುಷ್ಯರಲ್ಲಿ ಕಾಣಿಸಿಕೊಂಡಿದ್ದ ಒಂದು ಮಾರಕ ವ್ಯಾಧಿಗೂ ಸಂಬಂಧವಿರುವ ಸಂಭವವಿದೆಯೆಂದು ಬ್ರಿಟಿಷ್ ಆರೋಗ್ಯ ಸಚಿವರು ಪಾರ್ಲಿಮೆಂಟಿನಲ್ಲಿ ಒಪ್ಪಿಕೊಂಡರು. ಗೋದಲಿಯಲ್ಲಿ ಸುರಿದುದು ಊಟದ ತಟ್ಟೆಗೆ ಬರಬಲ್ಲುದೆಂಬ ಸತ್ಯವನ್ನು ಯೂರೋಪಿನ ಜನ ಕಲಿತುದು ಹೀಗೆ, ಬಹು ಕಠೋರವಾಗಿ. ೨೦೦೧ರ ಜನವರಿಯಿಂದ ಯೂರೋಪಿಯನ್ ಒಕ್ಕೂಟ ಸಾಕುಪ್ರಾಣಿಗಳೆಲ್ಲಕ್ಕೂ ಇಂಥ ಮಾಂಸದ ಹಿಟ್ಟನ್ನು ನಿಷೇಧಿಸಿತು. ತೆರವಾದ ಸ್ಥಾನವನ್ನು ತುಂಬಬಲ್ಲ ವಸ್ತುಗಳಲ್ಲಿ ಮುಖ್ಯವಾದುದು ಸೋಯಾ ಹಿಂಡಿಯೇ.

ಕಾಲದ ಹೊಂದಿಕೆಯನ್ನು ಇಲ್ಲಿ ಗಮನಿಸಬೇಕು. ಕಳೆನಾಶಕವನ್ನು ತಾಳಿಕೊಳ್ಳುವ ಕುಲಾಂತರಿ ಸೋಯಾವನ್ನು ಅಮೆರಿಕದ ರೈತರು ವ್ಯಾಪಾರಕ್ಕಾಗಿ ಮೊದಲು ಬಿತ್ತಿದುದು ಅದೇ ೧೯೯೬ರಲ್ಲಿ. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಯೂರೋಪಿಯನ್ ಒಕ್ಕೂಟ ಅದರ ಆಮದಿಗೆ ಅನುಮತಿಯಿತ್ತಿತ್ತು. ಸುಗ್ಗಿಯಾದ ಮೇಲೆ ಹೊಸ ಕಾಳು ಹಳೆಯ ಕಾಳಿನೊಡನೆ ಒಂದೇ ಕಣಜದಲ್ಲಿ ಬೆರೆತು, ಒಂದೇ ಹಡಗಿನಲ್ಲಿ ಯೂರೋಪಿನ ಬಂದರುಗಳಿಗೆ ಬಂದಿತು. ಬಂದರುಗಳಲ್ಲಿ ಪ್ರತಿಭಟನೆಗಳು ನಡೆದುವು, ಆದರೆ ಬೇರ್ಪಡಿಸುವ ಕಾಲ ಮೀರಿತ್ತು. ಹೀಗೆ, ಗೋದಲಿಯ ವಿಚಾರದಲ್ಲಿ ಯೂರೋಪ್ ಅತ್ಯಂತ ಭೀತವಾಗಿದ್ದ ಗಳಿಗೆಯಲ್ಲಿಯೇ ಅದರ ಗೋದಲಿಗೆ ಹೊಸ ವಸ್ತು ಸೇರಿತು.

೩

ಅಮೆರಿಕದಲ್ಲಿ ನಡೆದ ಪ್ರಕರಣ ಇದಕ್ಕಿಂತ ಸ್ಪಷ್ಟವಾದುದು. ಮಣ್ಣಿನಲ್ಲಿರುವ ಒಂದು ಸೂಕ್ಷ್ಮಾಣುವಿನ ವಂಶವಾಹಿಯಿಂದ ಕೀಟನಿರೋಧ ಪಡೆದ ಮೆಕ್ಕೆಜೋಳದ ತಳಿಗಳಲ್ಲಿ ‘ಸ್ಟಾರ್‌ಲಿಂಕ್’ ಎಂಬುದೂ ಒಂದು. ಅದರಲ್ಲಿದ್ದ ‘ಕ್ರೈ ೯ ಸಿ’ ಎಂಬ ಸಸಾರಜನಕ ಶಾಖವನ್ನು ತಾಳಿಕೊಳ್ಳುತ್ತಿತ್ತು, ಜಠರರಸದಲ್ಲಿ ಬೇಗ ಕರಗುತ್ತಿರಲಿಲ್ಲ. ಈ ಗುಣಗಳಿರುವ ವಸ್ತು ಕೆಲವರ ಮೈಗೆ ಒಗ್ಗದೆ ಹೋಗಬಹುದೆಂಬ ಶಂಕೆಯಿಂದ, ೧೯೯೮ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಒಂದು ಮಧ್ಯಮಾರ್ಗವನ್ನು ಹಿಡಿಯಿತು: ಈ ಜೋಳವನ್ನು ಪಶುಗಳ ಆಹಾರಕ್ಕೂ ಕೈಗಾರಿಕೆಗೂ ಉಪಯೋಗಿಸಬಹುದು, ಮನುಷ್ಯರ ಆಹಾರಕ್ಕೆ ಕೂಡದು. ಬೆಳೆಯುವವರು ಒಪ್ಪಂದಕ್ಕೆ ಸಹಿ ಹಾಕಬೇಕು; ನೆರೆಹೊಲದಿಂದ ೬೬೦ ಅಡಿ ದೂರ ಬಿಡಬೇಕು.

ಕಾಗದದ ಮೇಲೆ ಈ ಗೋಡೆ ಭದ್ರವಾಗಿಯೇ ಇತ್ತು. ಆದರೆ ಜೋಳದ ಪರಾಗ ಗಾಳಿಯಲ್ಲಿ ಹಾರುತ್ತದೆ. ಅದಕ್ಕಿಂತ ಮಿಗಿಲಾಗಿ, ಅಮೆರಿಕದ ಧಾನ್ಯವ್ಯಾಪಾರ ನಿಂತಿರುವುದೇ ಬೆರಕೆಯ ಮೇಲೆ: ನೂರಾರು ಹೊಲಗಳ ಕಾಳು ಒಂದು ಕಣಜಕ್ಕೆ ಬಿದ್ದು, ಅಲ್ಲಿಂದ ರೈಲಿಗೂ ದೋಣಿಗೂ ಏರುತ್ತದೆ. ಇದು ದನದ್ದು, ಇದು ಮನುಷ್ಯರದು ಎಂದು ಕಾಳಿನ ಮೇಲೆ ಬರೆದಿರುವುದಿಲ್ಲ. ೨೦೦೦ದ ಸೆಪ್ಟೆಂಬರ್ ೧೮ರಂದು ಕೆಲವು ಸಾರ್ವಜನಿಕ ಸಂಘಗಳು, ಅಂಗಡಿಯಿಂದ ಕೊಂಡ ‘ಟಾಕೊ’ ಎಂಬ ಜೋಳದ ಗರಿರೊಟ್ಟಿಯಲ್ಲಿ ಸ್ಟಾರ್‌ಲಿಂಕ್ ತಳಿಯ ಅಂಶ ಕಂಡುಬಂದಿತೆಂದು ಪ್ರಕಟಿಸಿದುವು. ನಾಲ್ಕೇ ದಿನಗಳಲ್ಲಿ ಕ್ರಾಫ್ಟ್ ಸಂಸ್ಥೆ ಆ ಸರಕನ್ನು ಹಿಂದಕ್ಕೆ ಕರೆಸಿಕೊಂಡಿತು. ಮುಂದೆ ಹಿಂತೆಗೆದುಕೊಂಡ ತಿನಿಸುಗಳ ಬಗೆಗಳು ಸುಮಾರು ೩೦೦. ಆ ವರ್ಷ ಸ್ಟಾರ್‌ಲಿಂಕ್ ಬಿತ್ತಿದ್ದ ನೆಲ ಸುಮಾರು ೩.೫ ಲಕ್ಷ ಎಕರೆ. ದೇಶದ ಮೆಕ್ಕೆಜೋಳದ ನೆಲದಲ್ಲಿ ನೂರಕ್ಕೆ ಅರೆಪಾಲೂ ಅಲ್ಲ. ಅಷ್ಟು ಅಲ್ಪ ಪ್ರಮಾಣದ ಬೆಳೆ ಜಪಾನ್ ಮತ್ತು ಕೊರಿಯಗಳಿಗೆ ಹೋದ ಸರಕಿನಲ್ಲಿಯೂ ಕಾಣಿಸಿಕೊಂಡಿತು. ಅಕ್ಟೋಬರಿನಲ್ಲಿ ಪರವಾನೆ ರದ್ದಾಯಿತು.

ಈ ಜೋಳ ತಿಂದು ಅಸ್ವಸ್ಥರಾದೆವೆಂದು ಹೇಳಿಕೊಂಡವರಲ್ಲಿ ೨೮ ಮಂದಿಯನ್ನು ಅಲ್ಲಿನ ರೋಗನಿಯಂತ್ರಣ ಕೇಂದ್ರ ಪರಿಗಣನೆಗೆ ತೆಗೆದುಕೊಂಡಿತು. ಅವರ ಪೈಕಿ ರಕ್ತಪರೀಕ್ಷೆಗೆ ಒಳಗಾದವರಲ್ಲಿ ಕ್ರೈ ೯ ಸಿ ಕಾರಣವೆನ್ನಲು ಸಾಕ್ಷ್ಯ ದೊರೆಯಲಿಲ್ಲವೆಂದು ೨೦೦೧ರ ಜೂನ್ ತಿಂಗಳ ವರದಿ ತಿಳಿಸಿತು. ಆದುದರಿಂದ ಇದನ್ನು ವಿಷದ ಕಥೆಯೆಂದು ಹೇಳುವುದು ತಪ್ಪಾದೀತು. ಇದು ಗೋಡೆಯ ಕಥೆ. ಸರ್ಕಾರವೇ ಅದರ ಪಾಠವನ್ನು ಒಪ್ಪಿಕೊಂಡಿತು: ಪಶುಗಳಿಗೆ ಸರಿ, ಮನುಷ್ಯರಿಗೆ ಸಲ್ಲದು ಎಂಬ ಒಡೆದ ಅನುಮತಿಯನ್ನು ಇನ್ನು ಕೊಡುವುದಿಲ್ಲವೆಂದು ೨೦೦೧ರಲ್ಲಿ ಸಾರಿತು. ಎರಡಕ್ಕೂ ತಕ್ಕುದಾದರೆ ಎರಡಕ್ಕೂ ಅನುಮತಿ. ಇಲ್ಲವಾದರೆ ಯಾವುದಕ್ಕೂ ಇಲ್ಲ.

೪

ಯೂರೋಪ್ ಹಿಡಿದ ದಾರಿ ಬೇರೆ. ಗೋಡೆಯ ಬದಲು ಅದು ಚೀಟಿಯನ್ನು ನಂಬಿತು. ೨೦೦೩ರ ಸೆಪ್ಟೆಂಬರಿನಲ್ಲಿ ಅಂಗೀಕೃತವಾಗಿ ೨೦೦೪ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಂತೆ, ಮನುಷ್ಯರ ಆಹಾರದಂತೆಯೇ ಪಶುಆಹಾರದ ಚೀಲದ ಮೇಲೂ ಕುಲಾಂತರಿ ಅಂಶವನ್ನು ನಮೂದಿಸಬೇಕಾಯಿತು. ಅನುಮತಿ ಪಡೆದ ತಳಿಯ ಅಂಶ ಅರಿಯದೆ ಬೆರೆತು ನೂರಕ್ಕೆ ೦.೯ರ ಒಳಗಿದ್ದರೆ ಮಾತ್ರ ವಿನಾಯಿತಿ. ಗೋದಲಿಗೂ ತಟ್ಟೆಗೂ ಒಂದೇ ಅಳತೆಗೋಲನ್ನು ಹಿಡಿದುದು ಈ ಕಾನೂನಿನ ಹಿರಿಮೆ.

ಆದರೆ ಆ ಚೀಟಿ ಕೊಟ್ಟಿಗೆಯ ಬಾಗಿಲಲ್ಲಿಯೇ ನಿಂತಿತು. ಕುಲಾಂತರಿ ಹಿಂಡಿಯನ್ನು ತಿಂದ ಹಸುವಿನ ಹಾಲಿಗಾಗಲಿ, ಕೋಳಿಯ ಮೊಟ್ಟೆಗಾಗಲಿ, ಮಾಂಸಕ್ಕಾಗಲಿ ಅಂಥ ನಮೂದು ಬೇಕಿಲ್ಲ. ಕುಲಾಂತರಿ ವಸ್ತುವಿನಿಂದ ತಯಾರಾದುದು ಬೇರೆ, ಅದರ ನೆರವಿನಿಂದ ತಯಾರಾದುದು ಬೇರೆ ಎಂಬ ಸೂಕ್ಷ್ಮ ಭೇದವನ್ನು ಕಾನೂನು ಕಲ್ಪಿಸಿತು. ಹಾಲು ಎರಡನೆಯ ವರ್ಗಕ್ಕೆ ಸೇರಿತು. ಚೀಲವನ್ನು ಬಿಚ್ಚುವ ರೈತನಿಗೆ ವಿಷಯ ತಿಳಿದಿತ್ತು. ಹಾಲು ಕೊಳ್ಳುವ ಗೃಹಿಣಿಗೆ ತಿಳಿಯಲಿಲ್ಲ. ಈ ಕೊರತೆಯನ್ನು ತುಂಬಲು ಜರ್ಮನಿ ೨೦೦೮ರಲ್ಲಿ, ಕುಲಾಂತರಿ ಮೇವಿಲ್ಲದೆ ಪಡೆದ ಹಾಲು, ಮೊಟ್ಟೆ, ಮಾಂಸಗಳಿಗೆ ಸ್ವಇಚ್ಛೆಯ ಗುರುತೊಂದನ್ನು ಏರ್ಪಡಿಸಿತು. ಇರುವುದನ್ನು ಹೇಳಬೇಕೆಂಬ ಕಟ್ಟಳೆಗೆ ಬದಲಾಗಿ, ಇಲ್ಲದಿರುವುದನ್ನು ಹೇಳಬಹುದೆಂಬ ಸೌಲಭ್ಯ ಬಂದಿತೆನ್ನಬಹುದು.

ಆ ಭೇದಕ್ಕೆ ವಿಜ್ಞಾನದ ಆಧಾರ ಇಲ್ಲದೆ ಇರಲಿಲ್ಲ. ಮೇವಿನಲ್ಲಿರುವ ವಂಶವಾಹಿಯೂ ಸಸಾರಜನಕವೂ ಪಶುವಿನ ಜಠರದಲ್ಲಿ ಇತರ ಆಹಾರದಂತೆಯೇ ಒಡೆದು ಹೋಗುತ್ತವೆ. ೨೦೧೪ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಲಿಸನ್ ವಾನ್ ಈನೆನ್ನಾಮ್ ಮತ್ತು ಎಮಿ ಯಂಗ್ ಎಂಬ ವಿದ್ವಾಂಸರು, ೧೯೯೬ಕ್ಕೆ ಹಿಂದಿನ ಮತ್ತು ಮುಂದಿನ ವರ್ಷಗಳಲ್ಲಿ ಅಮೆರಿಕದಲ್ಲಿ ಸಾಕಿದ ೧೦,೦೦೦ ಕೋಟಿಗೂ ಮಿಕ್ಕ ಪಶುಪಕ್ಷಿಗಳ ಅಂಕಿಗಳನ್ನು ಹೋಲಿಸಿದರು. ಅವುಗಳ ಆರೋಗ್ಯದಲ್ಲಾಗಲಿ ಬೆಳವಣಿಗೆಯಲ್ಲಾಗಲಿ ಹೊಸ ಮೇವಿನಿಂದ ಕೆಡುಕಾದ ಲಕ್ಷಣ ಕಾಣಲಿಲ್ಲ. ಇದಕ್ಕೆ ಎದುರಾಗಿ, ಇಲಿಗಳ ಮೇಲೆ ಪ್ರಯೋಗ ನಡೆಸಿದ ಫ್ರಾನ್ಸಿನ ಸೆರಾಲಿನಿಯವರ ಲೇಖನ ೨೦೧೨ರಲ್ಲಿ ಪ್ರಕಟವಾಗಿ ದೊಡ್ಡ ಸುದ್ದಿಯಾಯಿತು. ಮರುವರ್ಷ ಪತ್ರಿಕೆಯೇ ಅದನ್ನು ಹಿಂತೆಗೆದುಕೊಂಡಿತು. ೨೦೧೪ರಲ್ಲಿ ಅದು ಇನ್ನೊಂದು ಪತ್ರಿಕೆಯಲ್ಲಿ ಮತ್ತೆ ಅಚ್ಚಾಯಿತು. ಮಾಂಸದ ಕೋಳಿಯ ಆಯುಷ್ಯ ಕೆಲವೇ ವಾರಗಳದೆಂಬುದನ್ನು ನೆನೆದರೆ, ದೊಡ್ಡ ಅಂಕಿಗಳನ್ನೂ ಎಚ್ಚರದಿಂದಲೇ ಓದಬೇಕು. ಆದರೂ ಸಾಕ್ಷ್ಯದ ತೂಕ ಯಾವ ಕಡೆಗಿದೆಯೆಂಬುದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಹಾನಿ ಸಿದ್ಧವಾಗಿಲ್ಲ, ಆದರೆ ಹಾನಿಯಿಲ್ಲವೆಂಬ ಕಾರಣದಿಂದ ತಿಳಿಸಬೇಕಾದುದಿಲ್ಲವೆಂಬ ತೀರ್ಮಾನಕ್ಕೆ ಬರಬಹುದೆ? ನಮ್ಮ ಪ್ರಶ್ನೆ ನಿಲ್ಲುವುದು ಇಲ್ಲಿ.

೫

ಈ ಪ್ರಶ್ನೆ ನಮ್ಮ ನಾಡಿಗೆ ಬಂದುದು ಹತ್ತಿಯ ಮೂಲಕ. ಹತ್ತಿಯ ಬೆರಕೆ ಕನ್ನಡ ನಾಡಿಗೆ ಹೊಸದಲ್ಲ. ೧೮೪೦ರ ದಶಕದಲ್ಲಿ ಧಾರವಾಡ ಸೀಮೆಗೆ ಅಮೆರಿಕದ ತಳಿ ಬಂದು ನೆಲೆಸಿತು. ಅದರ ಅರಳೆಯೊಡನೆ ದೇಶೀ ಅರಳೆಯನ್ನು ಬೆರೆಸಿ ಮಾರುವರೆಂಬ ದೂರು ಲ್ಯಾಂಕಶೈರಿನ ಗಿರಣಿಗಳಿಂದ ಕೇಳಿಬರುತ್ತಿತ್ತು. ೧೮೬೩ರಲ್ಲಿ ಮುಂಬಯಿ ಸರ್ಕಾರ ಹತ್ತಿಯ ಕಲಬೆರಕೆಯನ್ನು ದಂಡನಾರ್ಹವೆಂದು ಕಾನೂನು ಮಾಡಿತು. ಆ ಕಾನೂನಿನ ಕಣ್ಣು ನೆಟ್ಟಿದ್ದುದು ಅರಳೆಯ ಮೇಲೆ ಮಾತ್ರ. ಕಾಳು ಎಲ್ಲಿಗೆ ಹೋಯಿತೆಂದು ಅದು ಕೇಳಲಿಲ್ಲ. ಸುಮಾರು ನೂರ ನಲವತ್ತು ವರ್ಷಗಳ ಮೇಲೆ ನಡೆದುದೂ ಬಹುಮಟ್ಟಿಗೆ ಇದೇ.

೧೯೭೨ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಾತರಕಿಯವರು ‘ವರಲಕ್ಷ್ಮಿ’ ಎಂಬ ಸಂಕರ ತಳಿಯನ್ನು ಸಿದ್ಧಪಡಿಸಿದರು. ಇಳುವರಿ ಹೆಚ್ಚಿತು, ಜೊತೆಗೆ, ವರ್ಷ ವರ್ಷವೂ ಬೀಜವನ್ನು ಕೊಳ್ಳಬೇಕಾದ ರೂಢಿಯೂ ಬೆಳೆಯಿತು. ಕುಲಾಂತರಿ ಹತ್ತಿ, ಅಂದರೆ ಬಿಟಿ ಹತ್ತಿ, ಇಲ್ಲಿ ಕಾಲಿಟ್ಟುದು ಈ ಸಂಕರ ಬೀಜದ ಹಾದಿಯಲ್ಲಿಯೇ. ೧೯೯೮ರ ನವೆಂಬರಿನಲ್ಲಿ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನೇತೃತ್ವದ ರಾಜ್ಯ ರೈತ ಸಂಘದವರು ರಾಯಚೂರು ಜಿಲ್ಲೆಯಲ್ಲಿ ಪ್ರಯೋಗದ ಹತ್ತಿಯನ್ನು ಕಿತ್ತು ಸುಟ್ಟರು. ಬೀಜದ ಒಡೆತನ ಯಾರದೆಂಬುದು ಆ ಹೋರಾಟದ ಮುಖ್ಯ ಪ್ರಶ್ನೆಯಾಗಿತ್ತು. ೨೦೦೨ರ ಮಾರ್ಚ್ ೨೬ರಂದು ಕೇಂದ್ರದ ಜೆನೆಟಿಕ್ ಎಂಜಿನಿಯರಿಂಗ್ ಅನುಮೋದನಾ ಸಮಿತಿ ಮೂರು ಬಿಟಿ ಸಂಕರ ತಳಿಗಳಿಗೆ ಒಪ್ಪಿಗೆಯಿತ್ತಿತು. ಮುಂದಿನ ಹನ್ನೆರಡು ವರ್ಷಗಳೊಳಗೆ ದೇಶದ ಹತ್ತಿಯ ನೆಲದಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕ ಭಾಗ ಬಿಟಿ ಹತ್ತಿಯದಾಯಿತು.

ಹತ್ತಿ ಬಟ್ಟೆಯ ಬೆಳೆ, ತಿನ್ನುವ ಬೆಳೆಯಲ್ಲ ಎಂಬ ಮಾತನ್ನು ಆಗ ಮೇಲಿಂದ ಮೇಲೆ ಕೇಳುತ್ತಿದ್ದೆವು. ಆದರೆ ಬಿಡಿಸಿದ ಹತ್ತಿಯ ತೂಕದಲ್ಲಿ ಮೂರನೆಯ ಒಂದು ಪಾಲು ಮಾತ್ರ ಅರಳೆ. ಉಳಿದ ಎರಡು ಪಾಲು ಬಹುತೇಕ ಕಾಳೇ. ಅದರ ಎಣ್ಣೆ ಅಡುಗೆಗೆ ಹೋಗುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹತ್ತಿಕಾಳನ್ನು ನೆನೆಯಿಟ್ಟು ರುಬ್ಬಿ, ಕರೆಯುವ ಎಮ್ಮೆಗೆ ಇಡುವುದು ಹಿಂದಿನಿಂದ ಬಂದ ಪದ್ಧತಿ. ಹಾಲಿನ ಜಿಡ್ಡು ಹೆಚ್ಚುವುದೆಂದು ಹೆಂಗಸರು ಹೇಳುವರು. ಅಂದಮೇಲೆ ೨೦೦೨ರ ಅನುಮತಿ ಅರಳೆಗೆ ಎಷ್ಟೋ, ಗೋದಲಿಗೂ ಅಷ್ಟೇ ಕೊಟ್ಟಂತಾಯಿತು.

ಅಧಿಕಾರಿಗಳು ಇದನ್ನು ಅರಿಯದವರಲ್ಲ. ಅನುಮತಿಗೆ ಮುನ್ನ ಕರ್ನಾಲದ ಹೈನು ಸಂಶೋಧನಾ ಸಂಸ್ಥೆಯಲ್ಲಿ ಹಸುಗಳ ಮೇಲೂ, ಪಂತನಗರದಲ್ಲಿ ಎಮ್ಮೆಗಳ ಮೇಲೂ, ಲಖನೌದಲ್ಲಿ ಆಡುಗಳ ಮೇಲೂ, ಇಜ್ಜತ್‌ನಗರದಲ್ಲಿ ಕೋಳಿಗಳ ಮೇಲೂ ಬಿಟಿ ಹತ್ತಿಕಾಳನ್ನು ತಿನ್ನಿಸಿ ನೋಡಲಾಯಿತು. ಆತಂಕಕ್ಕೆ ಕಾರಣ ಕಾಣಲಿಲ್ಲವೆಂದು ವರದಿಗಳು ಬಂದುವು. ಆದರೆ ಈ ಪರೀಕ್ಷೆಗಳು ನಡೆದುವೆಂಬ ಸಂಗತಿಯಾದರೂ ಕೊಟ್ಟಿಗೆಯವರೆಗೆ ಮುಟ್ಟಲಿಲ್ಲ. ಇದರ ಫಲ ೨೦೦೬ರಲ್ಲಿ ಕಂಡಿತು. ಆಗ ಆಂಧ್ರಪ್ರದೇಶದಲ್ಲಿದ್ದ, ಈಗ ತೆಲಂಗಾಣಕ್ಕೆ ಸೇರಿದ ವಾರಂಗಲ್ ಸೀಮೆಯಲ್ಲಿ, ಕೊಯ್ಲಾದ ಬಿಟಿ ಹತ್ತಿಯ ಹೊಲಗಳಲ್ಲಿ ಮೇಯ್ದ ಕುರಿಗಳು ಸತ್ತುವೆಂದು ಕುರುಬರು ದೂರಿದರು. ಬಿಟಿ ಅಂಶವೇ ಕಾರಣವೆಂಬುದನ್ನು ಕೇಂದ್ರದ ಸಮಿತಿ ಒಪ್ಪಲಿಲ್ಲ. ಕೀಟನಾಶಕದ ಶೇಷ, ನೈಟ್ರೇಟು ಮೊದಲಾದ ಬೇರೆ ಕಾರಣಗಳಿರಬಹುದೆಂದಿತು. ವೈಜ್ಞಾನಿಕವಾಗಿ ಆ ಮಾತು ಸಾಧುವಾಗಿರಬಹುದು. ಆದರೆ ಕುರಿಯನ್ನು ಕಳೆದುಕೊಂಡವನಿಗೆ ಹೊಲದಲ್ಲಿರುವುದೇನೆಂದು ಮೊದಲೇ ಯಾರೂ ಹೇಳಿರದಿದ್ದಾಗ, ಆಮೇಲೆ ಹೇಳಿದುದನ್ನು ಅವನು ನಂಬುವುದೆಂತು?

ಊಟದೆಲೆಯ ಸರದಿ ಬಂದಾಗ ನಡವಳಿಕೆ ಬೇರೆಯಾಯಿತು. ೨೦೦೯ರ ಅಕ್ಟೋಬರಿನಲ್ಲಿ ಬಿಟಿ ಬದನೆಗೆ ಸಮಿತಿಯ ಒಪ್ಪಿಗೆ ದೊರೆತೊಡನೆ ದೇಶದಾದ್ಯಂತ ಚರ್ಚೆ ಎದ್ದಿತು. ಸಚಿವ ಜೈರಾಮ್ ರಮೇಶರು ಬೆಂಗಳೂರೂ ಸೇರಿದಂತೆ ಏಳು ನಗರಗಳಲ್ಲಿ ಸಾರ್ವಜನಿಕ ಸಭೆಗಳನ್ನು ನಡೆಸಿ, ೨೦೧೦ರ ಫೆಬ್ರವರಿ ೯ರಂದು ಅದನ್ನು ತಡೆಹಿಡಿದರು. ಬದನೆಗೆ ಏಳು ಸಭೆಗಳು. ಹಿಂಡಿಗೆ ಅಂಥ ಒಂದು ಸಭೆಯೂ ಸೇರಿರಲಿಲ್ಲ.

ಈ ಭೇದ ಅತ್ಯಂತ ನಿಚ್ಚಳವಾಗಿ ಕಾಣುವುದು ೨೦೨೧ರಲ್ಲಿ. ಆ ವರ್ಷದ ಮಾರ್ಚ್ ೧ರಿಂದ, ಹೊರದೇಶದಿಂದ ಆಹಾರಕ್ಕಾಗಿ ಬರುವ ೨೪ ಬೆಳೆಗಳ ಸರಕಿಗೆ ಅದು ಕುಲಾಂತರಿಯಲ್ಲವೆಂಬ ಪ್ರಮಾಣಪತ್ರ ಬೇಕೆಂಬ ಆಜ್ಞೆ ಜಾರಿಗೆ ಬಂದಿತು. ಅದೇ ವರ್ಷದ ಆಗಸ್ಟ್ ೨೪ರಂದು, ಸೋಯಾ ಹಿಂಡಿಯ ಬೆಲೆಯೇರಿ ಕೋಳಿ ಸಾಕಣೆಗಾರರು ಮೊರೆಯಿಟ್ಟಾಗ, ೧೨ ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯನ್ನು ತರಿಸಲು ಸರ್ಕಾರ ಅನುಮತಿಯಿತ್ತಿತು. ಎಣ್ಣೆ ತೆಗೆದು ಪುಡಿಯಾದ ಹಿಂಡಿಯಲ್ಲಿ ಮೊಳೆಯಬಲ್ಲ ಜೀವವಿಲ್ಲ, ಆದುದರಿಂದ ಪರಿಸರಕ್ಕೆ ಅಡ್ಡಿಯಿಲ್ಲ ಎಂಬುದು ಇದಕ್ಕೆ ಕೊಟ್ಟ ಸಮಾಧಾನ. ತರ್ಕ ಸರಿಯೇ, ಸತ್ತ ಕಾಳು ಹೊಲದಲ್ಲಿ ಮೊಳೆಯದು. ಆದರೆ ಕೋಳಿಯ ಮಾಂಸವನ್ನೂ ಮೊಟ್ಟೆಯನ್ನೂ ಕೊಳ್ಳುವವನ ಪ್ರಶ್ನೆ ಮೊಳಕೆಯದಲ್ಲ. ಆರು ತಿಂಗಳ ಅಂತರದಲ್ಲಿ ಒಂದೇ ಸರ್ಕಾರ ಒಂದು ಬಾಗಿಲನ್ನು ಮುಚ್ಚಿ ಇನ್ನೊಂದನ್ನು ತೆರೆಯಿತು. ಎರಡು ಬಾಗಿಲುಗಳೂ ಒಂದೇ ಅಡುಗೆಮನೆಗೆ ಸೇರುತ್ತವೆ ಎಂಬುದು ಆಜ್ಞೆಗಳಲ್ಲಿ ಕಾಣಲಿಲ್ಲ.

೬

ಈ ಮೂರು ಪ್ರಕರಣಗಳಿಂದ ಹೊರಡುವ ನಿರ್ಣಯವನ್ನು ಸಂಕ್ಷೇಪವಾಗಿ ಹೇಳಬಹುದು. ಅಮೆರಿಕ ಗೋಡೆಯನ್ನು ಕಟ್ಟಿ, ಅದು ಬಿದ್ದ ಮೇಲೆ ಗೋಡೆಯ ಆಸೆಯನ್ನೇ ಬಿಟ್ಟಿತು. ಯೂರೋಪ್ ಚೀಲದ ಮೇಲೆ ಚೀಟಿ ಅಂಟಿಸಿ, ಹಾಲಿನ ಪಾತ್ರೆಯ ಮುಂದೆ ಸುಮ್ಮನಾಯಿತು. ಭಾರತ ಊಟದೆಲೆಯನ್ನು ಜಾಗರೂಕತೆಯಿಂದ ಕಾಯುತ್ತ, ಗೋದಲಿಯಲ್ಲಿ ನಡೆದುದನ್ನು ಹೆಸರಿಡದೆ ನಡೆಯಗೊಟ್ಟಿತು. ಮೂರು ಕಡೆಗಳಲ್ಲಿಯೂ ಗೋಡೆ ನಿಲ್ಲದಿರಲು ಕಾರಣ ಒಂದೇ: ಕಣಜ, ಗಿರಣಿ, ಹತ್ತಿ ಬಿಡಿಸುವ ಕಾರಖಾನೆ ಇವುಗಳ ಲಾಭ ನಿಂತಿರುವುದು ಬೆರಕೆಯ ಮೇಲೆ. ಕಾನೂನು ಮಾತ್ರ ಅವು ಬೇರ್ಪಡಿಸುತ್ತವೆಂದು ಎಣಿಸಿತು.

ಇದರಲ್ಲಿ ಗಂಡಾಂತರವಿದೆಯೆಂದು ನಾವು ಸಾರುವುದಿಲ್ಲ. ಸಾಕ್ಷ್ಯ ಹಾಗೆ ಹೇಳುವುದಿಲ್ಲವೆಂಬುದನ್ನು ಮೇಲೆಯೇ ತೋರಿಸಿದೆವು. ಆದರೆ ಹಸುವಿನ ಮಿದುಳಿನ ರೋಗದ ಕಾಲದಲ್ಲಿ ಇಂಗ್ಲೆಂಡು ತೆತ್ತ ಬೆಲೆಯಲ್ಲಿ ಒಂದಂಶ ರೋಗದ್ದು, ಇನ್ನೊಂದಂಶ ಮೌನದ್ದು. ಗೋದಲಿಯಲ್ಲಿ ಏನಿತ್ತೆಂಬುದನ್ನು ಜನ ವಿಪತ್ತಿನ ದಿನವೇ ಮೊದಲು ಕೇಳಿದರೆ, ಆಮೇಲೆ ಎಷ್ಟು ಸತ್ಯವನ್ನು ಹೇಳಿದರೂ ವಿಶ್ವಾಸ ಮರಳುವುದು ಕಷ್ಟ. ನಿರಪಾಯವಾದ ವಸ್ತುವನ್ನೂ ಹೇಳಿಯೇ ಬಡಿಸುವುದು ಆದುದರಿಂದ ವಿವೇಕ.

ಕೊನೆಯದಾಗಿ, ಇತಿಹಾಸದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಂದು ವಿಜ್ಞಾಪನೆ. ನಾವು ರಾಜರ ದಾನಶಾಸನಗಳಲ್ಲಿ ಹುಲ್ಲುಗಾವಲಿನ ಎಲ್ಲೆಯನ್ನು ಹುಡುಕುತ್ತೇವೆ. ನಮ್ಮ ಕಾಲದ ಮೇವಿನ ಲೆಕ್ಕವನ್ನು ಕೂಡಿಡುವುದಿಲ್ಲ. ೨೦೦೨ರ ತರುವಾಯ ರಾಯಚೂರು, ಹಾವೇರಿ, ಧಾರವಾಡ ಜಿಲ್ಲೆಗಳ ಕೊಟ್ಟಿಗೆಗಳಲ್ಲಿ ಏನು ಬದಲಾಯಿತೆಂಬುದು ಹತ್ತಿ ಕಾರಖಾನೆಗಳ ದಫ್ತರಗಳಲ್ಲಿಯೂ, ಹಿಂಡಿ ಅಂಗಡಿಗಳ ಖಾತೆಗಳಲ್ಲಿಯೂ, ಎಮ್ಮೆ ಸಾಕಿದ ತಾಯಂದಿರ ನೆನಪಿನಲ್ಲಿಯೂ ಚದುರಿದೆ. ದಫ್ತರಗಳು ರದ್ದಿಗೆ ಹೋಗುವ ಮೊದಲು, ನೆನಪುಗಳು ಅಳಿಯುವ ಮೊದಲು ಯಾರಾದರೂ ಅವನ್ನು ಕಲೆಹಾಕಬೇಕು. ಹಿಂದಿನ ಕಾಲದ ಮನೆಯೊಡತಿ ಕಲಗಚ್ಚಿನ ಬಾನಿಯಲ್ಲಿ ಏನಿದೆಯೆಂಬುದನ್ನು ಬಲ್ಲವಳಾಗಿದ್ದಳು. ಆ ಅರಿವು ಯಾವಾಗ, ಹೇಗೆ ಅವಳ ಕೈತಪ್ಪಿತೆಂಬುದನ್ನಾದರೂ ದಾಖಲಿಸಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.